ಸ್ಟೇಡಿಯಂ ಉದ್ಧಾರ ಮಾಡಿದ ಕ್ಷೌರದಂಗಡಿ

ಖಾಲಿ ಕುರ್ಚಿ ಕಂಡರೆ ಗಿರಾಕಿ ಒಳಗೆ ಬರುವುದಿಲ್ಲ ಎಂಬುದು ಕ್ಷೌರಿಕನ ಗಟ್ಟಿ ನಂಬಿಕೆ. ಅದಕ್ಕೇ ಅವತ್ತು ಬೆಳಿಗ್ಗೆ ಪಕ್ಕದಂಗಡಿಯ ದರ್ಜಿಯನ್ನು ಎಳೆದು ತಂದು, ಬಿಟ್ಟಿ ಗಡ್ಡ ಮಾಡುತ್ತೇನೆಂದು ಕುರ್ಚಿಯ ಮೇಲೆ ಕೂರಿಸಿದ. ಆಗಬಾರದ್ದೆಲ್ಲ ಆಗಿದ್ದು ಆ ಗಡ್ಡದಿಂದಲೇ.

ಗಿರಣಿ ಮುಚ್ಚಿದ ಮೇಲೆ ಆ ಬೀದಿಯಲ್ಲಿ ನೊಣ ಹೊಡೆಯುವುದೊಂದೇ ಭರದಿಂದ ನಡೆಯುತ್ತಿದ್ದ ವ್ಯಾಪಾರ. ಈಗ ಗಿರಣಿಯ ಜಾಗದಲ್ಲಿ ಬೋರಲು ಹಾಕಿದ ಬಾಣಲೆಯಂತೆ ಹೊಸ ಸ್ಟೇಡಿಯಂ ಎದ್ದು ನಿಂತಿತ್ತು. ಅಡಿಗಲ್ಲು ಹಾಕಿದ ದಿನ ವಾರ್ಡಿನ ಸದಸ್ಯರು ಅಂಗೈಯಲ್ಲಿ ಅರಮನೆ ತೋರಿಸಿದ್ದರು: "ಸಾವಿರಾರು ಜನ ಬರ್ತಾರೆ! ಬಂದೋರು ಬರಿಗೈಲಿ ಹೋಗ್ತಾರಾ? ನಿಮ್ಮ ಬೀದಿಗೆ ಮತ್ತೆ ಜೀವ ಬರುತ್ತೆ!" ಫುಟ್‌ಬಾಲ್ ನೋಡಲು ಬಂದವನು ಅಂಗಿ ಯಾಕೆ ಹೊಲಿಸುತ್ತಾನೆ, ಚಪ್ಪಲಿಗೆ ಅಟ್ಟೆ ಯಾಕೆ ಹಾಕಿಸುತ್ತಾನೆ ಎಂದು ಒಬ್ಬ ಪುಣ್ಯಾತ್ಮನೂ ಕೇಳಲಿಲ್ಲ. ಚಪ್ಪಾಳೆಗೆ ಖರ್ಚಿಲ್ಲ, ಎಲ್ಲರೂ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಮ್ಮ ಕ್ಷೌರಿಕ. ಬರುವ ಸಾವಿರಾರು ಜನಕ್ಕೂ ತಲೆ ಇರುತ್ತದೆ, ತಲೆಯಲ್ಲಿ ಕೂದಲಿರುತ್ತದೆ ಎಂಬುದು ಅವನ ಲೆಕ್ಕ.

ಇವತ್ತು ಮೊದಲ ಪಂದ್ಯ. ಹೆಂಡತಿ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದಳು. "ಇದೇ ಕೊನೆ ರೀ. ಮಾಲೀಕರಿಗೆ ಅಂಗಡಿ ಬಾಡಿಗೆ ಬಾಕಿ ಬೆಳೀತಾನೇ ಇದೆ. ಇವತ್ತೂ ಕುರ್ಚಿ ತುಂಬ್ಲಿಲ್ಲ ಅಂದ್ರೆ ನಾಳೆಯಿಂದ ನನ್ನ ತಮ್ಮನ ಅಂಗಡಿಗೆ ಕೆಲಸಕ್ಕೆ ಹೋಗಿ."

"ಅವನಿಗೆ ಕತ್ತರಿ ಹಿಡಿಯೋದು ಹೇಳ್ಕೊಟ್ಟೋನು ನಾನು! ಅವನ ಕೈಕೆಳಗೆ ಕೂದಲು ಗುಡಿಸ್ಕೊಂಡು ಇರ್ಲಾ?"

"ಇಲ್ಲಿ ಗುಡಿಸೋಕೂ ಇಲ್ವಲ್ಲ!"

ಭಾಮೈದ ಊರ ಇನ್ನೊಂದು ತುದಿಯಲ್ಲಿ ಎ.ಸಿ. ಹಾಕಿದ ಸಲೂನು ಇಟ್ಟು, ಗಿರಾಕಿಗಳನ್ನು 'ಸರ್' ಎಂದು ಕರೆದು ಉದ್ಧಾರವಾಗಿದ್ದ. ಅವನ ಹೆಸರೆತ್ತಿದರೆ ಕ್ಷೌರಿಕನಿಗೆ ಊಟ ಸೇರುತ್ತಿರಲಿಲ್ಲ.

ಪಂದ್ಯದ ಹೊತ್ತು ಹತ್ತಿರವಾದರೂ ಬೀದಿಯಲ್ಲಿ ಒಂದು ನರಪಿಳ್ಳೆಯೂ ಕಾಣಲಿಲ್ಲ. ದರ್ಜಿಯ ಎಡಗೆನ್ನೆಯನ್ನು ಕ್ಷೌರಿಕ ಆದಷ್ಟು ನಿಧಾನವಾಗಿ ಕೆರೆಯುತ್ತಿದ್ದ. ಟೀ ಅಂಗಡಿಯಾಕೆ ಬಾಗಿಲಿಗೆ ಬಂದು, "ಅಷ್ಟು ಉಜ್ಜಬೇಡಪ್ಪ, ಚರ್ಮ ಎದ್ದು ಬಂದೀತು," ಎಂದು ಸಲಹೆ ಕೊಟ್ಟಳು. ಅಷ್ಟರಲ್ಲಿ ಸ್ಟೇಡಿಯಂ ಕಡೆಯಿಂದ ಟೈ ಕಟ್ಟಿದ ಅಧಿಕಾರಿಯೊಬ್ಬ ಏದುಸಿರು ಬಿಡುತ್ತ ಓಡಿ ಬಂದ.

"ಎಲ್ಲಾ ಬನ್ನಿ, ಬೇಗ ಬನ್ನಿ! ಒಳಗೆಲ್ಲ ಖಾಲಿ ಹೊಡೀತಿದೆ. ಟೀವಿಯವರು ಈಗ ಶುರು ಮಾಡ್ತಾರೆ, ಖಾಲಿ ಸೀಟು ಕಂಡ್ರೆ ನನ್ನ ಕೆಲಸ ಹೋಗುತ್ತೆ! ಟಿಕೆಟ್ ಬೇಡ, ಮೇಲೆ ಟೋಪಿ ಬಿಟ್ಟಿ!"

ಬಿಟ್ಟಿ ಎಂದಿದ್ದೇ ತಡ, ಬೀದಿಯ ಬಾಗಿಲುಗಳೆಲ್ಲ ದಡದಡ ಮುಚ್ಚಿಕೊಂಡವು. ಗಿರಾಕಿಗಾಗಿ ವರ್ಷಗಟ್ಟಲೆ ಕಾದವರು ಟೋಪಿಗಾಗಿ ಒಂದು ಗಳಿಗೆ ಕಾಯಲಿಲ್ಲ. ದರ್ಜಿಯೂ ಬಲಗೆನ್ನೆಯ ನೊರೆ ಸಮೇತ ಕುರ್ಚಿಯಿಂದ ಹಾರಿ ಓಡಿದ.

"ಏಯ್, ಅರ್ಧ ಗಡ್ಡ ಹೊತ್ಕೊಂಡು ಎಲ್ಲಿಗಯ್ಯಾ? ನೋಡಿದೋರು ನನ್ನನ್ನ ಉಗೀತಾರೆ!" ಎಂದು ಕೂಗುತ್ತ ಕ್ಷೌರಿಕ ಹಿರಿದ ಕತ್ತಿಯೊಂದಿಗೆ, ಅಂಗಡಿ ಬಾಗಿಲು ಹಾಕುವುದನ್ನೂ ಮರೆತು, ಅವನ ಬೆನ್ನು ಹತ್ತಿದ.

ಗೇಟಿನ ಕಾವಲುಗಾರ ಕತ್ತಿ ಕಿತ್ತುಕೊಂಡು, ತಲೆಗೊಂದು ಟೋಪಿ ಒತ್ತಿ ಒಳಗೆ ನೂಕಿದ. ಹಿಂದೆಯೇ ಗೇಟು ಮುಚ್ಚಿತು.

"ಸ್ವಾಮೀ, ನನ್ನನ್ನ ಬಿಡಿ, ಅಂಗಡಿ ತೆರೆದಿದೆ!"

"ಆಟ ಮುಗಿಯೋವರೆಗೂ ಯಾರನ್ನೂ ಬಿಡೋ ಹಾಗಿಲ್ಲ. ನೀವು ಎದ್ರೆ ಸೀಟು ಖಾಲಿಯಾಗುತ್ತೆ," ಎಂದ ಅಧಿಕಾರಿ. "ಕ್ಯಾಮರಾ ಈ ಕಡೆ ತಿರುಗಿದಾಗ ಕೈ ಎತ್ತಿ ಕೂಗಿ."

ಸುತ್ತ ನೋಡಿದರೆ ಇಡೀ ಬೀದಿ ಅಲ್ಲಿತ್ತು. ಧ್ವನಿವರ್ಧಕ ಅರಚುತ್ತಿತ್ತು: "ನೋಡಿ ಈ ಜನಸಾಗರ! ಸತ್ತ ಬೀದಿಗೆ ಮತ್ತೆ ಜೀವ ಬಂದಿದೆ!"

"ಇಲ್ಲಿರೋರೆಲ್ಲ ನಾವೇ ಅಲ್ವೇನ್ರೋ? ಹಾಗಾದ್ರೆ ಗಿರಾಕಿ ಎಲ್ಲಿ?" ಎಂದ ಕ್ಷೌರಿಕ.

"ಕೂಗೋ ಮಾರಾಯ, ಕ್ಯಾಮರಾ ಬಂತು!" ಎಂದು ದರ್ಜಿ ನೊರೆ ಒಣಗಿದ ಕೆನ್ನೆಯನ್ನು ಊರಿಗೆಲ್ಲ ತೋರಿಸಿ ಕುಣಿದ. ಕ್ಷೌರಿಕನೂ ಕೈ ಎತ್ತಿ ಕೂಗಿದ. ಬೇರೆ ಮಾಡಲು ಕೆಲಸವಿರಲಿಲ್ಲ, ಪಾಪ.

ಆಟ ಮುಗಿದು ಗೇಟು ತೆರೆದಾಗ ಕಂಡದ್ದನ್ನು ಕ್ಷೌರಿಕನ ಕಣ್ಣೇ ನಂಬಲಿಲ್ಲ. ಅವನ ಅಂಗಡಿಯ ಮುಂದೆ ಬೀದಿಯ ತಿರುವಿನವರೆಗೂ ಜನ ಸಾಲುಗಟ್ಟಿದ್ದರು! ಎದೆ ಹಿಗ್ಗಿ, ಎದ್ದೆನೋ ಬಿದ್ದೆನೋ ಎಂದು ಓಡಿದ.

"ರೀ, ಸಾಲಲ್ಲಿ ಬನ್ರಿ," ಎಂದು ಒಬ್ಬ ರಟ್ಟೆ ಹಿಡಿದು ನಿಲ್ಲಿಸಿದ. "ಟಿಕೆಟ್ ಕೊಂಡು ಅಷ್ಟು ದೂರದಿಂದ ಬಂದ್ವಿ. ಬಸ್ಸು ಸ್ವಲ್ಪ ತಡ ಆಯ್ತು, ಅಷ್ಟರಲ್ಲಿ ಒಳಗೆ ಭರ್ತಿ ಅಂತ ಗೇಟು ಹಾಕಿಬಿಟ್ರು. ಯಾರೋ ಬಿಟ್ಟಿ ಜನ ನುಗ್ಗಿದ್ರಂತೆ. ಬೀದಿಲಿ ತೆರೆದಿರೋದು ಇದೊಂದೇ ಬಾಗಿಲು. ಹೊತ್ತು ಹೋಗ್ಬೇಕಲ್ಲ, ಕೂದಲಾದ್ರೂ ಕತ್ತರಿಸ್ಕೊಳ್ಳೋಣ ಅಂತ ನಿಂತಿದೀವಿ."

ಅವನನ್ನು ಕೊಸರಿಕೊಂಡು ಒಳಗೆ ನುಗ್ಗಿದರೆ ಭಾಮೈದ ಒಂದು ತಲೆಯ ಮೇಲೆ ಕತ್ತರಿ ಆಡಿಸುತ್ತಿದ್ದ. ಪಕ್ಕದಲ್ಲಿ ಹೆಂಡತಿ.

"ಟೀವೀಲಿ ನಿಮ್ಮ ಕುಣಿತ ನೋಡಿದೆ," ಎಂದಳು. "ಓಡಿ ಬಂದ್ರೆ ಅಂಗಡಿ ಬಾ ಅಂತಿದೆ, ಗಿರಾಕಿಗಳು ಮುತ್ಕೊಂಡಿದಾರೆ. ತಮ್ಮನ್ನ ಕರೆಸಿದೆ."

"ಭಾವ, ಎಂಥಾ ಜಾಗ ಇದು!" ಎಂದ ಭಾಮೈದ, ತಲೆಯಿಂದ ಕಣ್ಣೆತ್ತದೆ. "ನಿಮ್ಮ ಅಂಗಡಿ ಮಾಲೀಕರೂ ಟಿಕೆಟ್ ಹಿಡ್ಕೊಂಡು ಹೊರಗೇ ನಿಂತಿದ್ರು. ಕೂರಿಸಿ ತಲೆ ಮಾಡ್ದೆ, ಮಾತೂ ಮುಗಿಸ್ದೆ. ನಾಳೆಯಿಂದ ಅಂಗಡಿ ನನ್ನ ಹೆಸರಿಗೆ. ನೀವು ಅಷ್ಟು ದೂರ ಕೆಲಸಕ್ಕೆ ಬರೋದು ತಪ್ತು ನೋಡಿ, ಇಲ್ಲೇ ಇದ್ಬಿಡಿ!"

ಕ್ಷೌರಿಕ ಇಂಗು ತಿಂದ ಮಂಗನಂತೆ ಬಾಗಿಲಲ್ಲಿ ನಿಂತ. ದರ್ಜಿ ಉಳಿದರ್ಧ ಗಡ್ಡಕ್ಕೆಂದು ಸದ್ದಿಲ್ಲದೆ ಸಾಲಿನ ಕೊನೆಗೆ ಸೇರಿಕೊಂಡ.

ಅಷ್ಟರಲ್ಲಿ ಟೀವಿಯವನು ಕ್ಯಾಮರಾ ಹೊತ್ತು ಬಂದ. ಸ್ಟೇಡಿಯಂನಿಂದ ಉದ್ಧಾರವಾದ ಬೀದಿಯನ್ನು ಅವನು ಲೋಕಕ್ಕೆ ತೋರಿಸಬೇಕಿತ್ತು. ಕ್ಷೌರಿಕ ಟೋಪಿ ಸರಿ ಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು, ಕ್ಯಾಮರಾದ ಮುಂದೆ ನೆಟ್ಟಗೆ ನಿಂತ.

"ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಸರೀರಿ," ಎಂದ ಟೀವಿಯವನು, "ಅಂಗಡಿಯವರು ಕಾಣ್ತಿಲ್ಲ."