ಅತ್ತೆಯ ಹೊಲದ ಪೊಟ್ಯಾಷ್

ಅಚ್ಚಾದ ಕಾಗದದಲ್ಲಿ ಇರುವುದೆಲ್ಲ ನಿಜ ಎಂದು ನಂಬುವ ಕಾಯಿಲೆ ನನಗಿದೆ. ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಅಂಥ ಕಾಗದಗಳನ್ನು ದಿನವೂ ತಯಾರು ಮಾಡುವವನೇ ನಾನು. ಅವು ಹೇಗೆ ಹುಟ್ಟುತ್ತವೆಂದು ಚೆನ್ನಾಗಿ ಬಲ್ಲೆ. ಆದರೂ ನಂಬುತ್ತೇನೆ. ಒಮ್ಮೆ ಪಡಿತರ ಚೀಟಿಯಲ್ಲಿ ನನ್ನ ವಯಸ್ಸು ಎಂಬತ್ತಮೂರು ಎಂದು ಬಿದ್ದಿತ್ತು. ತಿದ್ದಿಸುವವರೆಗೂ ನನಗೆ ಮಂಡಿನೋವು ಬಿಡಲಿಲ್ಲ.

ಇಂಥ ನನಗೆ ನಮ್ಮ ಅತ್ತೆ ನಂಜಮ್ಮನವರು, ಗುಂಡ್ಲುಪೇಟೆ ಹತ್ತಿರದ ತಮ್ಮ ಎರಡು ಎಕರೆ ಹೊಲವನ್ನು ಒಂದು ಬೆಳೆಯ ಮಟ್ಟಿಗೆ ಬಿಟ್ಟುಕೊಟ್ಟರು. ನಾನೇ ಬೇಡಿ ಪಡೆದದ್ದು. ಆರು ದಿನ ಕಚೇರಿಯಲ್ಲಿ ಯಾರ ಮಾತಿಗೂ ಎದುರಾಡದೆ ಕೂತವನಿಗೆ, ಭಾನುವಾರ ಬದುವಿನ ಮೇಲೆ ನಿಂತು ಮುಸುಕಿನ ಜೋಳಕ್ಕೆ ಯಜಮಾನನಾಗುವುದೆಂದರೆ ಎಂಥ ಸುಖ! ಆ ಸುಖಕ್ಕೆ ಒಂದೇ ಷರತ್ತು. ಬೆಳೆ ಕೆಟ್ಟರೆ ಹೊಲ ಮೂರು ವರ್ಷಕ್ಕೆ ಶುಂಠಿಗೆ ಹೋಗುತ್ತದೆ. ಶುಂಠಿ ಬೆಳೆಯಲು ಹೊಲ ಗುತ್ತಿಗೆ ಹಿಡಿಯುವ ವಯನಾಡಿನ ಜಾರ್ಜ್ ಎಂಬವರು ಆಗಲೇ ಎರಡು ಸಲ ಬಂದು ಅತ್ತೆಯ ಮನೆಯಲ್ಲಿ ಕಾಫಿ ಕುಡಿದು ಹೋಗಿದ್ದರು.

ನಾನು ಶಾಸ್ತ್ರೋಕ್ತವಾಗಿಯೇ ಶುರುಮಾಡಿದೆ, ಮಣ್ಣು ಪರೀಕ್ಷೆಯಿಂದ. ಹೊಲದ ಎಂಟು ಹತ್ತು ಕಡೆ ಅಗೆದು, ಬೆರೆಸಿ, ಅರ್ಧ ಕೆಜಿ ಕಳಿಸಬೇಕು ಎಂದು ಅತ್ತೆಗೆ ವಿವರಿಸಿದೆ. ಹೊಲದ ಮಣ್ಣನ್ನು ಅಂಗೈಯಲ್ಲಿಟ್ಟು ನೋಡಿ ಅವರು ಮುಖ ಸಿಂಡರಿಸಿದರು. "ಆಫೀಸ್ಗೆ ಓಗೋ ಮಣ್ಣು ಅಂದ್ಮೇಲೆ ಚೆಂದಾಗಿರ್ಬೇಕು ಕಣಪ್ಪ. ಈ ಕಲ್ಲು ಕಸವ ಕಳ್ಸುದ್ರೆ ನಮ್ಮ ಒಲದ ಮಾನ ಏನಾಗ್ಬೇಕು?" ಎಂದರು. ನೆಂಟರ ಮುಂದೆ ಹರಿದ ಚಾಪೆ ಹಾಸುವವರಲ್ಲ ಅವರು. ಹಿತ್ತಲಲ್ಲಿ ನೀರೊಲೆಯ ಬೂದಿ ಸುರಿದು ಸುರಿದು ಹತ್ತಿಯಂತಾಗಿದ್ದ ಕಪ್ಪು ಮಣ್ಣನ್ನು ತೋಡಿ, ರಾಗಿ ಹಿಟ್ಟಿನ ಜರಡಿಯಲ್ಲಿ ಜರಡಿ ಹಿಡಿದು ಕೊಟ್ಟರು. ಚೀಲದ ಬಾಯಿ ಹಿಡಿದುಕೊಂಡಿದ್ದವನು ನಾನೇ. ಎಷ್ಟು ನಯವಾಗಿದೆ ಎಂದು ಹೊಗಳಿದವನೂ ನಾನೇ.

ವರದಿ ಬಂತು. ಪೊಟ್ಯಾಷಿಯಂ: ಅತಿ ಹೆಚ್ಚು. ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆಂದು ಸ್ಕೂಲಿನಲ್ಲಿ ಓದಿದ್ದೆ, ನಿಜ. ಆದರೆ ಕಾಗದದಲ್ಲಿ ಬೂದಿಯ ಹೆಸರೇ ಇರಲಿಲ್ಲ, ನಮ್ಮ ಹೊಲದ ಸರ್ವೆ ನಂಬರಿತ್ತು! ಅದನ್ನು ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಪಕ್ಕ ತೂಗುಹಾಕಿದೆ. ಸುದ್ದಿ ಹಬ್ಬಿತು. ಪಕ್ಕದ ಹೊಲದ ಮಾದಪ್ಪ ಮೊದಲಾಗಿ ಊರಿನವರು ಮಂಕರಿ ಹಿಡಿದು ಬಂದು, ತಮ್ಮ ಬಾಳೆಗೆ ಹಾಕಲು ನಮ್ಮ ಹೊಲದ ಮಣ್ಣನ್ನೇ ಕೇಳತೊಡಗಿದರು. ನಾನು ಕರ್ಣನಂತೆ ದಾನ ಮಾಡಿದೆ. ನಾಲ್ಕು ಭಾನುವಾರ ಕಳೆಯುವಷ್ಟರಲ್ಲಿ ಹೊಲದ ಒಂದು ಮೂಲೆ ಕೆರೆಯಾಗುವ ಲಕ್ಷಣ ತೋರಿತು.

ಪೊಟ್ಯಾಷ್ ಒಂದು ಕಾಳೂ ಹಾಕದೆ ಬರೀ ಯೂರಿಯಾ ಕೊಟ್ಟೆ. ಜೋಳ ಆಳೆತ್ತರ ಎದ್ದು ಕಣ್ಣು ಕುಕ್ಕುವಷ್ಟು ಹಸಿರಾಯಿತು. ನಾನು ಬೀಗಿದ್ದೇ ಬೀಗಿದ್ದು. ಆಮೇಲೆ ಕೆಳಗಿನ ಗರಿಗಳ ಅಂಚು ಸುಟ್ಟಂತಾಗಿ ಒಣಗತೊಡಗಿತು. ಇದು ಪೊಟ್ಯಾಷ್ ಸಾಲದ್ದಕ್ಕೇ ಎಂದು ಮಾದಪ್ಪ ಹೇಳಿದಾಗ ನಾನು ನಕ್ಕು ವರದಿಯನ್ನು ಅವನ ಮುಂದೆ ಹಿಡಿದೆ.

"ನಂಗ್ಯಾಕೆ ತೋರ್ಸೀರಿ ಸಾರ್, ಜೋಳಕ್ಕೆ ತೋರ್ಸಿ," ಎಂದು ಅವನು ಎದ್ದು ಹೋದ.

ಅದು ಮನಸ್ಸಿಗೆ ನಾಟಿತು. ಪೊಟ್ಯಾಷ್ ಚೀಲ ತಂದರೆ ಸೋತಂತೆ. ಕದ್ದುಮುಚ್ಚಿ ಬೇರೆ ದಾರಿ ಹುಡುಕಿದೆ. ಕಲ್ಲಿನ ಪುಡಿಯಲ್ಲೂ ಪೊಟ್ಯಾಷಿಯಂ ಇರುತ್ತದೆಂದು ಮೊಬೈಲಿನಲ್ಲಿ ಓದಿದ್ದೇ ತಡ, ಕ್ವಾರಿಯಿಂದ ಒಂದು ಟ್ರ್ಯಾಕ್ಟರ್ ಪುಡಿ ತರಿಸಿ ಸಾಲಿನ ಮಧ್ಯೆ ಹರಡಿಸಿದೆ. ಪುಡಿಯಲ್ಲಿ ಪೊಟ್ಯಾಷಿಯಂ ಇದ್ದದ್ದು ಸುಳ್ಳಲ್ಲ. ಆದರೆ ಕಲ್ಲು ಕರಗಿ ಬೇರಿಗೆ ಸಿಗುವ ಹೊತ್ತಿಗೆ ನನ್ನ ಮೊಮ್ಮಕ್ಕಳಿಗೆ ಪಿಂಚಣಿ ಬಂದಿರುತ್ತದೆ. ಒಂದು ಮಳೆ ಬಿದ್ದು ಬಿಸಿಲಾದ ಮೇಲೆ ಅದು ಗಟ್ಟಿಯಾಗಿ ಕೂತಿತು. ಅಲ್ಲಿಂದಾಚೆ ಜನ ಬದುವನ್ನು ಬಿಟ್ಟು ನಮ್ಮ ಹೊಲದೊಳಗೇ ಬೈಕು ಓಡಿಸಿಕೊಂಡು ಹೋದರು. ಒಂದು ಗಾಳಿ ಬೀಸಿದ್ದಕ್ಕೆ ಅರ್ಧ ಬೆಳೆ ಮಲಗಿತು. ಉಳಿದ ತೆನೆಗಳನ್ನು ಸುಲಿದರೆ ತುದಿಯಲ್ಲಿ ಕಾಳೇ ಇಲ್ಲದ ಬೋಳು ದಿಂಡು. ನನಗೆ ಅಳುವೇ ಬಂತು.

ಕೊನೆಗೆ ಯಾರಿಗೂ ಹೇಳದೆ ಹೊಲದ ಹತ್ತು ಕಡೆ ಅಗೆದು ಮತ್ತೆ ಪರೀಕ್ಷೆಗೆ ಕಳಿಸಿದೆ. ಪೊಟ್ಯಾಷಿಯಂ: ಕಡಿಮೆ. ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಭಾನುವಾರ ಹೆಂಡತಿ ಸುಮಾಳೊಂದಿಗೆ ಹೊರಟೆ. ಮಣ್ಣಿನಲ್ಲೇ ಕಸುವಿಲ್ಲ, ನನ್ನ ತಪ್ಪೇನೂ ಇಲ್ಲ ಎಂದು ಅತ್ತೆಯ ಮುಂದೆ ಸಾಧಿಸಿ, ಇನ್ನೊಂದು ಬೆಳೆಗೆ ಅವಕಾಶ ಕೇಳುವುದು ನನ್ನ ಉಪಾಯ. ಹೋಗಿ ನೋಡಿದರೆ ಜಾರ್ಜ್ ಆಗಲೇ ಅತ್ತೆಯ ಜೊತೆ ಹೊಲದಲ್ಲಿ ನಿಂತಿದ್ದಾರೆ. ಒಂದು ಬೋಳು ತೆನೆಯನ್ನು ತಿರುಗಿಸಿ ನೋಡಿ, ಹೆಂಟೆಯೊಂದನ್ನು ಪುಡಿಮಾಡಿ, ಬಹುಶಃ ಗುತ್ತಿಗೆಯ ದರ ಇಳಿಸುವುದಕ್ಕೇ, ಮಣ್ಣು ಮೋಶಂ ಎಂದರು. ಮೋಶಂ ಎಂದರೆ ಕೆಟ್ಟದ್ದು ಎಂದು ಗುಂಡ್ಲುಪೇಟೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅತ್ತೆಯ ಮುಖ ಕೆಂಪಾಯಿತು.

"ನಮ್ಮ ಒಲವ ಮೋಶಂ ಅಂದೋರ್ಗೆ ನಾ ಕೊಡದಿಲ್ಲ ಬುಡಿ," ಎಂದರು.

ಹಾಗಾದರೆ ಬೆಳೆ ಯಾಕೆ ಹೀಗಾಯಿತು ಎಂದು ಜಾರ್ಜ್ ಮೆಲ್ಲಗೆ ಕೇಳಿದರು.

"ಒಲದಲ್ಲಿ ಒಂದು ಕುಂದಿಲ್ಲ. ಕೆಟ್ಟಿರೋದು ನಮ್ಮ ಅಳಿಯಂದ್ರ ತಲೆ. ಬೇಕಾರೆ ಅವರ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಜೇಬಿನಲ್ಲಿದ್ದ ಕಾಗದವನ್ನು ಮುಟ್ಟಿ ನೋಡಿಕೊಂಡೆ. ತೆಗೆದರೆ ಹೊಲ ಮೋಶಂ ಎಂಬುದು ಸಹಿ ಮೊಹರಿನ ಸಮೇತ ರುಜುವಾತಾಗುತ್ತದೆ. ಅತ್ತೆಯ ಮಾತು ಬಿದ್ದುಹೋಗಿ ಹೊಲ ಶುಂಠಿಯ ಪಾಲಾಗುತ್ತದೆ. ನನ್ನ ತಲೆ ಮಾತ್ರ ಸರಿಯಿದೆ ಎಂದಾಗುತ್ತದೆ. ಹೊಲವಿಲ್ಲದ ಮೇಲೆ ಆ ತಲೆಯನ್ನು ಕಟ್ಟಿಕೊಂಡು ನಾನು ಭಾನುವಾರ ಏನು ಮಾಡಲಿ?

"ಹೌದು ಸಾರ್, ನನ್ನ ತಲೆಯೇ ಸರಿಯಿಲ್ಲ," ಎಂದೆ.

ಹೊಲ ಉಳಿಯಿತು. ಆದರೆ ಒಂದು ಮಾತು ಮಾತ್ರ ಈಗಲೂ ಚುಚ್ಚುತ್ತದೆ. ಮಣ್ಣಿನ ವಿಷಯವನ್ನು ನಂಬಬೇಕಾದರೆ ಎರಡೆರಡು ಸಲ ಪರೀಕ್ಷೆ ಬೇಕಾಯಿತು. ನನ್ನ ತಲೆಯ ವಿಷಯವನ್ನು ಅತ್ತೆ, ಜಾರ್ಜ್, ಸುಮಾ ಮೂವರೂ ಒಂದು ಕಾಗದವನ್ನೂ ಕೇಳದೆ ನಂಬಿಬಿಟ್ಟರು.