ಬಾಗಿಲ ಮುಂದಿನ ಪೈಲ್ವಾನ

ಕಳ್ಳರ ಭಯ ಇರಬೇಕಾದರೆ ಮನೆಯಲ್ಲಿ ಗಂಟು ಬಂಗಾರ ಇರಬೇಕು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಭಯಕ್ಕೆ ಅಂಥ ಷರತ್ತೇನೂ ಇಲ್ಲ. ನಮ್ಮ ಮನೆಯಲ್ಲಿದ್ದದ್ದು ಒಂದು ರೇಡಿಯೋ, ಹೊಸ ಪ್ರೆಶರ್ ಕುಕ್ಕರು, ನನ್ನ ಮದುವೆಯ ಬೋರಮಾಳ ಸರ ಮತ್ತು ನಮ್ಮ ಅತ್ತೆ. ಇವುಗಳಲ್ಲಿ ಅತ್ತೆಯನ್ನು ಯಾರೂ ಕದಿಯಲಾರರು ಎಂಬ ಧೈರ್ಯ ನನಗಿತ್ತು. ಮಿಕ್ಕವುಗಳ ಚಿಂತೆಯಲ್ಲಿ ಕೊಟ್ಟೂರಿನಲ್ಲಿ ನಾನು ಕಳೆದ ಆ ಬೇಸಿಗೆಯನ್ನು ನೆನೆದರೆ ಈಗಲೂ ಎದೆ ಡವಡವ ಎನ್ನುತ್ತದೆ.

ಆಗ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಊರಲ್ಲಿ ಯಾರು ಫೋನೆತ್ತಿದರೂ ಮೊದಲು ಕೇಳಿಸುವುದು ನನ್ನ ದನಿ. ಯಾರು ಬೇಕೆಂದು ಕೇಳಿ, ಬೋರ್ಡಿನ ತೂತಿಗೆ ವಯರು ಚುಚ್ಚಿ ಅವರನ್ನು ಜೋಡಿಸುವುದು ನನ್ನ ಕೆಲಸ. ನಮ್ಮ ಯಜಮಾನರು ಹಿರೇಹಡಗಲಿಯಲ್ಲಿ ಮಾಸ್ತರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗಿಬಿಡುವರು. ಹೀಗಾಗಿ ವಾರವೆಲ್ಲ ಮನೆಯಲ್ಲಿ ನಾನು ಮತ್ತು ಅವರ ತಾಯಿ ಇಬ್ಬರೇ. ನಾನು ಡ್ಯೂಟಿಗೆ ಹೋದೆನೆಂದರೆ ಅತ್ತೆ ಒಬ್ಬರೇ. ಅವರಿಗೆ ಕಿವಿ ಮಂದ. ಮಧ್ಯಾಹ್ನ ಉಂಡು ಮಲಗಿದರೆ ಮಾಳಿಗೆಯೇ ಕುಸಿದರೂ ಮಗ್ಗುಲು ಬದಲಿಸುವವರಲ್ಲ. ಬಾಗಿಲಿಗೆ ಅಗಳಿ ಹಾಕಿಕೊಂಡು ಮಲಗಿರೆಂದರೆ ಎಷ್ಟೋ ಸಲ ಅದನ್ನೇ ಮರೆಯುವರು.

ಹೀಗಿರುವಾಗ ಹಿಂದಿನ ಓಣಿಯಲ್ಲಿ ಹಾಡಹಗಲೇ ಒಂದು ಮನೆಯ ತಾಮ್ರದ ಹಂಡೆ ಹೋಯಿತು. ನೀರು ತುಂಬಿದ್ದ ಹಂಡೆ! ನೀರು ಚೆಲ್ಲಿ ಒಯ್ದನೋ, ನೀರಿನ ಸಮೇತ ಎತ್ತಿಕೊಂಡು ಹೋದನೋ ಎಂದು ನಮ್ಮ ಓಣಿಯಲ್ಲಿ ದಿನವಿಡೀ ವಾದ. ಸಮೇತ ಒಯ್ದ ಎನ್ನುವವರ ಕಡೆ ಜನ ಹೆಚ್ಚು, ಯಾಕೆಂದರೆ ಅಂಥ ಕಳ್ಳ ಹೆಚ್ಚು ಭಯಂಕರ. ನಿಜ ಹೇಳಬೇಕೆಂದರೆ ನಮಗೆಲ್ಲ ಒಳಗೊಳಗೇ ಸಂಭ್ರಮ. ಎದುರು ಮನೆಯ ಕೊಟ್ರಮ್ಮ ಬಾಗಿಲ ಹಿಂದೆ ಸ್ಟೀಲಿನ ಪಾತ್ರೆಗಳನ್ನು ಗೋಪುರದಂತೆ ಪೇರಿಸಿಟ್ಟಳು. ಮರುದಿನ ಬೆಳಿಗ್ಗೆ ಹಾಲು ತಂದ ಅವಳ ಗಂಡನೇ ಬಾಗಿಲು ನೂಕಿ, ಪಾತ್ರೆಗಳ ಜೊತೆ ತಾನೂ ಉರುಳಿದ. ಮೂಲೆ ಮನೆಯವರು ತಂದ ನಾಯಿ ಒಂದೇ ದಿನ ಕಾವಲಿದ್ದು, ಆಮೇಲೆ ಮಿರ್ಚಿ ಬಜಿ ಹೋಟೆಲಿನ ಮುಂದೆ ಕಾಯಂ ಆಯಿತು.

ನಾನು ಇವರಂತಲ್ಲ, ಸರ್ಕಾರಿ ತಂತಿಗಳ ನಡುವೆ ಕೆಲಸ ಮಾಡುವವಳು. ರೇಡಿಯೋ ರಿಪೇರಿಯವನನ್ನು ಕರೆಸಿ, ಟಾರ್ಚಿನ ಸೆಲ್ಲಿನಿಂದ ನಡೆಯುವ ಗಂಟೆಯೊಂದನ್ನು ಬಾಗಿಲಿಗೆ ಕೂರಿಸಿದೆ. ಬಾಗಿಲು ಒಂದು ಬೆರಳಷ್ಟು ಸರಿದರೂ ಸಾಕು, ಗಣಗಣಗಣ! ಎಂಥ ಆನಂದ! ಒಳಹೋಗಿ ಹೊರಬಂದು, ಹೊರಬಂದು ಒಳಹೋಗಿ ನಾನೇ ಬಾರಿಸಿದೆ. ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ಬಂದು ಬಾಗಿಲು ತೆಗೆದು ಹಾಕಿ ಹೋದರು. ಅತ್ತೆಗೆ ಆ ಗಂಟೆ ದೂರದಲ್ಲೆಲ್ಲೋ ಕೇಳಿಸುತ್ತಿತ್ತು. ಕೇಳಿದಾಗಲೆಲ್ಲ ಅವರು ಮಂಗಳಾರತಿ ಎಂದು ಕಣ್ಣು ಮುಚ್ಚಿ ಕೈ ಮುಗಿಯುವರು. ಕಳ್ಳ ಬಂದರೆ ಅವನಿಗೂ ನಮಸ್ಕಾರ ಖಾತ್ರಿ ಎಂದು ನನಗೆ ಹೊಳೆಯುವ ಹೊತ್ತಿಗೆ ಸೆಲ್ಲುಗಳೇ ಸತ್ತುಹೋದವು.

ಆಗ ನನಗೆ ಆ ಮಹಾ ಉಪಾಯ ಹೊಳೆದದ್ದು. ಮನೆಯಲ್ಲಿ ಗಂಡಾಳಿದ್ದರೆ ಕಳ್ಳ ಬರುವುದಿಲ್ಲ. ಗಂಡಾಳಿಗೆ ಗುರುತು ಏನು? ಬಾಗಿಲ ಮುಂದಿನ ಚಪ್ಪಲಿ. ಆದರೆ ನಮ್ಮ ಮಾಸ್ತರ ಪಾದ ಶಾಲೆಯ ಹುಡುಗರದಷ್ಟೇ. ಅವರ ಚಪ್ಪಲಿ ಬಿಟ್ಟರೆ ಕಳ್ಳನನ್ನು ಕೈಬೀಸಿ ಕರೆದಂತೆ. ಸೋಮವಾರ ಅವರು ಬಸ್ಸು ಹತ್ತಿದ ಮೇಲೆ, ಸಂತೆಪೇಟೆಯಲ್ಲಿ ಚಪ್ಪಲಿ ಹೊಲಿಯುವ ದುರುಗಪ್ಪನ ಹತ್ತಿರ ಹೋದೆ.

"ಯಾರ ಅಳತಿರೀ ಅಕ್ಕಾರ?" ಎಂದ.

"ಅಳತಿ ಇಲ್ಲಪ್ಪ. ಎಷ್ಟು ದೊಡ್ಡದು ಐತೋ ಅಷ್ಟು ಕೊಡು."

ಯಾರೋ ಪೈಲ್ವಾನ ಹೊಲಿಯಲು ಹೇಳಿ, ಒಯ್ಯಲು ಬಾರದೇ ಉಳಿದ ಜೋಡೊಂದು ಅವನಲ್ಲಿತ್ತು. ಅದರಲ್ಲಿ ಕೂಸನ್ನು ಮಲಗಿಸಬಹುದಿತ್ತು! ತಂದು ಬಾಗಿಲ ಮುಂದೆ ಇಟ್ಟೆ. ಗುಟ್ಟು ಹೊರಬಿದ್ದರೆ ಕಳ್ಳನಿಗೂ ತಿಳಿಯುತ್ತದೆಂದು ಯಾರಿಗೂ ಬಾಯಿ ಬಿಡಲಿಲ್ಲ, ಅತ್ತೆಗೂ ಹೇಳಲಿಲ್ಲ. ಬೆಳಿಗ್ಗೆ ಒಂದು ದಿಕ್ಕಿಗೆ, ಸಂಜೆ ಒಂದು ದಿಕ್ಕಿಗೆ ತಿರುಗಿಸಿ ಇಡುತ್ತಿದ್ದೆ. ಒಮ್ಮೊಮ್ಮೆ ಕೆಸರೂ ಮೆತ್ತುತ್ತಿದ್ದೆ. ಡ್ಯೂಟಿಗೆ ಹೊರಡುವಾಗ ಒಳಗಿಲ್ಲದ ಪೈಲ್ವಾನನಿಗೆ, ಓಣಿಗೆಲ್ಲ ಕೇಳುವಂತೆ, "ನಾ ಬರ್ತೀನ್ರೀ, ನೀವು ಉಂಡು ಮಲಕ್ಕೊಳ್ರಿ!" ಎಂದು ಕೂಗುತ್ತಿದ್ದೆ.

ಕೊಟ್ರಮ್ಮ ಸಕ್ಕರೆ ಕೇಳುವ ನೆವದಲ್ಲಿ ಬಂದು ಇಣುಕಿದಳು. "ಊರಿಂದ ಯಾರರ ಬಂದಾರೇನವ್ವಾ?"

"ಹೂಂ, ಬಂದಾರ."

"ಅವರ ಮಾರೀನ ಕಾಣವಲ್ದು?"

"ಅವರು ಹೊರಗ ಭಾಳ ಬರಂಗಿಲ್ಲ," ಎಂದೆ, ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತ.

ಆ ಶನಿವಾರ ಮಧ್ಯಾಹ್ನ ನಾನು ಬೋರ್ಡಿನ ಮುಂದಿದ್ದೆ. ನಮ್ಮ ಓಣಿಯ ತುದಿಯ ಕಿರಾಣಿ ಅಂಗಡಿಯಿಂದ ಫೋನು. "ಪೊಲೀಸ್ ಟೇಷನ್ನಿಗೆ ಕೊಡ್ರಿ, ಲಗೂನ ಕೊಡ್ರಿ! ಕಳ್ಳ ಹೊಕ್ಕಾನ!"

"ಯಾರ ಮನ್ಯಾಗ?" ನನ್ನ ಮೈ ಜುಮ್ಮೆಂದಿತು. ಕೊನೆಗೂ ಬಂದನಲ್ಲ!

"ಅದ ರೀ, ಟೆಲಿಫೋನ್ ಅಕ್ಕಾರ ಮನ್ಯಾಗ! ಏಳಡಿ ಆಳಂತ! ಒಳಗ ಮುದುಕಿ ಒಬ್ಬಾಕಿನ ಅದಾಳ!"

ನನ್ನ ಮನೆಗೆ ಬಂದ ಕಳ್ಳನ ಸುದ್ದಿಯನ್ನು ನಾನೇ ಸ್ಟೇಷನ್ನಿಗೆ ಜೋಡಿಸಿದೆ. ಪಾಳಿಗೆ ಆಗಷ್ಟೇ ಬಂದವನ ತಲೆಗೆ ಹೆಡ್‌ಫೋನು ಸಿಕ್ಕಿಸಿ ಓಡಿದೆ. ಬೋರಮಾಳ ಹೋಗಲಿ, ಕುಕ್ಕರೂ ಹೋಗಲಿ, ಅತ್ತೆಗೇನಾಯಿತೋ! ಅವರನ್ನು ಯಾರೂ ಕದಿಯಲಾರರೆಂದು ನಕ್ಕವಳು ಬಿಸಿಲಲ್ಲಿ ಅಳುತ್ತ ಓಡುತ್ತಿದ್ದೆ.

ಓಣಿಯಲ್ಲಿ ಜನವೋ ಜನ. ಒನಕೆ, ಬಡಿಗೆ, ಕುಡುಗೋಲು. ಬೇಗನೆ ಬಸ್ಸು ಸಿಕ್ಕಿ ಮಧ್ಯಾಹ್ನವೇ ಬಂದಿಳಿದ ನಮ್ಮ ಮಾಸ್ತರು, ಧೋತರ ಕಚ್ಚೆ ಹಾಕಿ, ಮಾಳಿಗೆ ಹತ್ತಿ, ಅದರ ಬೆಳಕಿಂಡಿಯಲ್ಲಿ ತಲೆ ತೂರಿಸಿ ಕೂಗುತ್ತಿದ್ದರು: "ಅವ್ವ ಮಲಗ್ಯಾಳ! ಉಸಿರಾಡಾಕತ್ಯಾಳ! ಕಳ್ಳ ಕಾಣವಲ್ಲ, ಮೂಲ್ಯಾಗ ಅಡಗ್ಯಾನ! ಬಾಗಲಾ ಬಿಟ್ಟು ಸರೀಬ್ಯಾಡ್ರಿ!"

ಅತ್ತೆ ಅಂದು ನೆನಪಿಟ್ಟು ಅಗಳಿ ಹಾಕಿದ್ದರು. ಎಷ್ಟು ಬಡಿದರೂ ಬಾಗಿಲು ತೆರೆದಿರಲಿಲ್ಲ. ಅಷ್ಟರಲ್ಲಿ ಪೊಲೀಸಪ್ಪ ಬಂದ. ಕೊಟ್ರಮ್ಮ ಕೋಲಿನ ತುದಿಯಲ್ಲಿ ಸಾಕ್ಷಿಯನ್ನು ಎತ್ತಿ ಹಿಡಿದಳು. ನನ್ನ ಪೈಲ್ವಾನನ ಚಪ್ಪಲಿ! ಬಸ್ಸಿಳಿದು ಬಂದು, ಅದನ್ನು ಕಂಡು ಮೊದಲು ಕಳ್ಳ ಕಳ್ಳ ಎಂದು ಕೂಗಿದವರು ನಮ್ಮ ಮಾಸ್ತರೇ. ಪೊಲೀಸಪ್ಪ ಅದನ್ನು ತನ್ನ ಬೂಟಿನ ಪಕ್ಕಕ್ಕಿಟ್ಟು ನೋಡಿ, ಸದ್ದಿಲ್ಲದೆ ಹಿಂದಕ್ಕೆ ಸರಿದ.

ನಾನು ಜನರ ನಡುವೆ ನುಗ್ಗಿ ಮುಂದೆ ಬಂದೆ. "ಕಳ್ಳ ಇಲ್ಲ ರೀ," ಎಂದೆ. "ಆ ಮೆಟ್ಟು... ನಂದು."

ಇಡೀ ಓಣಿ ಒಮ್ಮೆಲೇ ನನ್ನ ಪಾದ ನೋಡಿತು.

ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಗಂಡಾಳಿನ ಗುರುತು, ದಿಕ್ಕು ಬದಲಿಸಿದ್ದು, ಕೆಸರು, ಕೂಗು, ಎಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಆಕಳಿಸುತ್ತ ಬಾಗಿಲು ತೆರೆದು, ಜನರನ್ನು ನೋಡಿ ಎದೆ ಬಡಿದುಕೊಂಡರು. "ಇಷ್ಟು ಮಂದಿ ಕೂಡ್ಯಾರಲ್ಲೋ ಯಪ್ಪಾ, ಯಾರು ಹೋದ್ರೋ?"

ಕೊಟ್ರಮ್ಮ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದಳು. ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ, "ಅಯ್ಯ ನನ ಯವ್ವಾ, ವಾರದಿಂದ ಓಣ್ಯಾಗ ನಾವು ಏನೇನೋ ಅನ್ಕಂಡಿದ್ವಿ! ಮಾಸ್ತರು ಕಳ್ಳ ಅಂದ್ರಲ್ಲ, ನಾವೂ ಹೂಂ ಅಂದ್ವಿ!" ಎಂದಳು. ಅವರು ಏನು ಅಂದುಕೊಂಡಿದ್ದರೆಂದು ನನಗೆ ತಿಳಿದದ್ದು ಆಗಲೇ. ಕಾಲಡಿಯ ನೆಲ ಬಾಯಿ ಬಿಡಬಾರದೇ ಅನಿಸಿತು.

ಸಂಜೆ ಚಹಾ ಕೊಡುತ್ತ ಯಜಮಾನರನ್ನು ಮೆಲ್ಲಗೆ ಕೇಳಿದೆ. "ಏನ್ರೀ, ಆ ಮೆಟ್ಟು ನೋಡಿದ ಕೂಡಲೆ ನಿಮಗ ಕಳ್ಳ ಅಂತನ ಅನಿಸ್ತೇನು? ಬೇರೆ ಏನೂ ಅನಿಸಲಿಲ್ಲೇನು?"

ಅವರು ಬಸಿಯಲ್ಲಿ ಚಹಾ ಆರಿಸುತ್ತ ಪ್ರಾಮಾಣಿಕವಾಗಿ ಯೋಚಿಸಿದರು. "ಅನಿಸ್ತು. ಅಷ್ಟು ಎತ್ತರದಾವ ನಮ್ಮ ಗಿಡ್ಡ ಬಾಗಲದಾಗ ಹೆಂಗ ತೂರಿದ ಅಂತ ಅನಿಸ್ತು. ಯಾಕ?"

"ಏನಿಲ್ಲ," ಎಂದೆ.

ಎಂಥ ಪುಣ್ಯವಂತೆ ನಾನು ಎಂದು ಕಣ್ಣು ತುಂಬಿ ಬಂತು. ಆದರೆ ಬಸಿ ತೊಳೆಯುವಾಗ ಯಾಕೋ ಸಣ್ಣಗೆ ಸಿಟ್ಟೂ ಬಂತು. ಒಬ್ಬ ಪೈಲ್ವಾನ ನನಗಾಗಿ ವಾರವಿಡೀ ಬಂದು ಕುಳಿತಿರಬಹುದೆಂದು ಇಡೀ ಓಣಿ ನಂಬಿತ್ತು. ನನ್ನ ಮೇಲೆ ಓಣಿಗಿದ್ದ ಅಷ್ಟು ಭರವಸೆ, ನೋಡಿ, ಕಟ್ಟಿಕೊಂಡ ಗಂಡನಿಗೆ ಇರಲಿಲ್ಲ.