ಅರವತ್ತೆರಡನೇ ಲೆವೆಲ್ಲಿಗೆ ಹಚ್ಚಿದ ಕುಂಕುಮ

ವಿಡಿಯೋ ಗೇಮು ಆಡುವ ಗೃಹಸ್ಥರಲ್ಲಿ ಎರಡು ಪಂಗಡಗಳಿವೆ. ನಾನು ಸಂಪ್ರದಾಯಸ್ಥ. ನಮ್ಮ ಗೇಮಿನಲ್ಲಿ ರಾಕ್ಷಸನಿಗೆ ನಾವೊಂದು ಏಟು ಕೊಡುತ್ತೇವೆ, ಆಮೇಲೆ ಅವನೊಂದು ಕೊಡುತ್ತಾನೆ. ನಮ್ಮ ಸರದಿಯಲ್ಲಿ ಅವನು ಕೈ ಎತ್ತುವುದಿಲ್ಲ. ನಾವು ಎದ್ದುಹೋಗಿ ಕಾಫಿ ಕುಡಿದು ಬಂದರೂ ಪಾಪ, ಕತ್ತಿ ಹಿಡಿದು ನಿಂತೇ ಇರುತ್ತಾನೆ. ಇಷ್ಟು ಸಭ್ಯತೆಯನ್ನು ನಾನು ಆಫೀಸಿನ ಯಾವ ಮೀಟಿಂಗಿನಲ್ಲೂ ಕಂಡಿಲ್ಲ. ನನ್ನ ಹೆಂಡತಿ ಸುಧಾಳ ಗೇಮಿನಲ್ಲಿ ಸರದಿಗಿರದಿ ಏನೂ ಇಲ್ಲ. ಮೈಮೇಲೆ ಬಿದ್ದವನನ್ನು ಆಗಿಂದಾಗಲೇ ಬಡಿಯಬೇಕು, ನಡುವೆ ಕುಳಿತು ಕಥೆ ಕೇಳಬೇಕು, ಅಳಬೇಕು, ಕಣ್ಣೊರೆಸಿಕೊಂಡು ಮತ್ತೆ ಬಡಿಯಬೇಕು.

ಆಗ ನಾನು ಅಮೆರಿಕದ ರೆಡ್‌ವುಡ್ ಸಿಟಿಯಲ್ಲಿ, ಇಂಟರ್ನೆಟ್ಟಿನಲ್ಲಿ ಹೂಕುಂಡ ಮಾರುತ್ತೇವೆಂದು ಹೊರಟಿದ್ದ ಒಂದು ಕಂಪನಿಯಲ್ಲಿದ್ದೆ. ಮೈಸೂರಿನಲ್ಲಿ ಕಾಲೇಜು ಹುಡುಗರಿಗೆ ಫಿಸಿಕ್ಸ್ ಹೇಳುತ್ತಿದ್ದ ಸುಧಾ, ನನ್ನ ವೀಸಾದ ಬಾಲ ಹಿಡಿದು ಬಂದ ತಪ್ಪಿಗೆ ಕೆಲಸ ಮಾಡುವ ಹಾಗಿಲ್ಲದೆ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದಳು. ಅವಳ ಬೇಸರ ಕಳೆಯಲೆಂದೇ ಗೇಮಿನ ಯಂತ್ರ ತಂದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಸುಳ್ಳು. ತಂದದ್ದು ನನಗಾಗಿ. ನಮ್ಮಿಬ್ಬರ ಆಟವೂ ಉಳಿಯುತ್ತಿದ್ದುದು ಒಂದೇ ಮೆಮೊರಿ ಕಾರ್ಡಿನಲ್ಲಿ. ನನ್ನ ಗೇಮಿನ ಕಥೆ ಇಷ್ಟೇ: ರಾಜಕುಮಾರಿಯನ್ನು ಗೋಪುರದಲ್ಲಿ ಕೂಡಿಹಾಕಿದ್ದಾರೆ, ಬಿಡಿಸಿ ತರಬೇಕು. ಅದಕ್ಕೆ ಮೊದಲು ಲೆವೆಲ್ಲು ಏರಲು ಬಯಲಿನಲ್ಲಿ ತೆವಳುವ ಮೆತ್ತನೆಯ ಉಂಡೆಗಳನ್ನು ಸಾವಿರಗಟ್ಟಲೆ ಬಡಿಯಬೇಕು. ಮೂರು ತಿಂಗಳು ಬಡಿದೆ.

"ಆ ಹುಡುಗಿ ಇನ್ನೂ ಗೋಪುರದಲ್ಲೇ ಇದಾಳೇನ್ರೀ? ನೀವು ನೋಡಿದ್ರೆ ಇಲ್ಲಿ ಮುದ್ದೆ ಹೊಡೀತಾ ಕೂತಿದೀರ" ಎಂದು ಸುಧಾ ಕೇಳಿದಳು. ತಯಾರಿಯ ಮಹತ್ವ ಅವಳಿಗೆ ತಿಳಿಯದು ಎಂದುಕೊಂಡೆ.

ಅರವತ್ತೆರಡನೇ ಲೆವೆಲ್ಲು ಮುಟ್ಟಿದಾಗ ಆಯುಧಪೂಜೆ ಬಂತು. ಹತ್ತಿರದ ಮಾರ್ಗನ್ ಹಿಲ್‌ನಲ್ಲಿ ನೆಲೆಸಿದ್ದ ಮಂಡ್ಯದ ನಂಜೇಗೌಡರೂ ಅವರ ಹೆಂಡತಿ ಜಯಕ್ಕನೂ ಊಟಕ್ಕೆ ಬರುವವರಿದ್ದರು. ಒಬ್ಬಟ್ಟಿನ ಊಟವಾದ ಮೇಲೆ ಅವರೆದುರೇ ರಾಕ್ಷಸರಾಜನನ್ನು ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಆಸೆ ನನ್ನದು. ಬೆಳಗ್ಗೆ ಕಾರು, ಲ್ಯಾಪ್‌ಟಾಪು, ಮಿಕ್ಸಿ, ಎಲ್ಲಕ್ಕೂ ಅರಿಶಿನ ಕುಂಕುಮವಾಯಿತು. ಗೇಮಿನ ಯಂತ್ರಕ್ಕೆ ಹೂವಿಟ್ಟರೆ ಸಾಕು ಎಂದಳು ಸುಧಾ. ನಾನು ಕೇಳಬೇಕಲ್ಲ! ನಿಜವಾದ ಆಯುಧ ಒಳಗಿರುವುದು ಎಂದು ಕಾರ್ಡನ್ನು ಹೊರತೆಗೆದು, ನೀರಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಧಾರಾಳವಾಗಿ ಒತ್ತಿದೆ. ಸಾಲದೆಂಬಂತೆ ಅಕ್ಷತೆ ಬೇರೆ.

ಊಟವಾಯಿತು. ಕಾರ್ಡು ಸಿಕ್ಕಿಸಿದೆ. ಕಾರ್ಡೇ ಇಲ್ಲ ಎಂದಿತು ಟೀವಿ. ಒರೆಸಿದೆ, ಊದಿದೆ, ಪಂಚೆಯ ಚುಂಗಿನಿಂದ ಕೆರೆದೆ. ಒಂದು ಅಕ್ಕಿಕಾಳು ಹೊರಗೆ ಬಿತ್ತೇ ಹೊರತು ಮೂರು ತಿಂಗಳು ವಾಪಸು ಬರಲಿಲ್ಲ.

ಸುಧಾಳ ಆಟವೂ ಹೋಗಿತ್ತು. ಆದರೆ ಜಯಕ್ಕ ಸಮಾಧಾನಕ್ಕೆಂದು ಅದರಲ್ಲಿ ಏನಿತ್ತಮ್ಮ ಎಂದಾಗ, ಅವಳು ಕಾಲು ಮಡಚಿ ಕೂತು ಕಥೆ ಶುರುಮಾಡಿದಳು. ರಾಜನ ಮಾತು ನಂಬಿ ಒಂದೂರಿಗೆ ಬೆಂಕಿಯಿಟ್ಟ ಸೈನಿಕ, ಅದು ತನ್ನ ಅಕ್ಕನ ಊರೆಂದು ತಿಳಿದು ರಾಜನ ಮೇಲೆಯೇ ಕತ್ತಿ ತಿರುಗಿಸಿದ ಕಥೆ. ಪಾಠ ಹೇಳುವಾಗ ಇರುತ್ತಿದ್ದ ಆ ದನಿಯನ್ನು ನಾನು ಕೇಳಿ ಎರಡು ವರ್ಷವಾಗಿತ್ತು. ಜಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನಂಜೇಗೌಡರು ನನ್ನ ಕಡೆ ತಿರುಗಿದರು.

"ನಿಮ್ದೇನ್ ಕತೆ ಸಾ?"

"ಅರವತ್ತೆರಡನೇ ಲೆವೆಲ್ಲು" ಎಂದೆ.

"ಊಂ, ಆಮೇಕೆ?" ಎಂದು ಕಾದರು. ಆಮೇಲೆ ಏನೂ ಇರಲಿಲ್ಲ.

ಹೊಸ ಕಾರ್ಡು ಬಂತು. ನನಗೂ ಹೇಳಲೊಂದು ಕಥೆಯಿರಲಿ ಎಂದು, ಸುಧಾ ಲೈಬ್ರರಿಗೆ ಹೋದಾಗ ಅವಳ ಗೇಮನ್ನು ಕದ್ದು ಶುರುಮಾಡಿದೆ. ಮೊದಲ ಕಾಡಿನಲ್ಲೇ ಒಬ್ಬ ಕೊಡಲಿ ಹಿಡಿದು ಬಂದ. ಅವನು ಹೊಡೆದ, ಇನ್ನು ನನ್ನ ಸರದಿ ಎಂದು ನಿಂತೆ. ಮತ್ತೆ ಅವನೇ ಹೊಡೆದ. ಒಂಬತ್ತು ಸಲ ಸತ್ತಮೇಲೆ, ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದ ಸುಧಾ "ಅವನು ನಿಮ್ಮನ್ನ ಕೇಳಿ ಹೊಡಿಯಲ್ಲ ರೀ" ಎಂದು ಮೆತ್ತಗೆ ಹೇಳಿದಳು.

ಈಗ ಅವಳು ಆಡುತ್ತಾಳೆ, ನಾನು ಪಕ್ಕದಲ್ಲಿ ಬೀನ್ಸ್ ಸೋಸುತ್ತ ಕಥೆ ಕೇಳುತ್ತೇನೆ. ನನ್ನ ರಾಜಕುಮಾರಿ ಇನ್ನೂ ಗೋಪುರದಲ್ಲೇ ಇರಬೇಕು. ನನ್ನನ್ನೇ ನಂಬಿ ಕೂತಿದ್ದರೆ ಅವಳಿಗೂ ಬುದ್ಧಿ ಸ್ವಲ್ಪ ಕಡಿಮೆಯೇ.